ಅಜ್ಜಿಯ ತವರು ಯಾವುದು?

ಬಂಡೂರು ಕುರಿ ಕೊಳ್ಳುವಾಗ ತಳಿ ಯಾವುದೆಂದು ಹತ್ತು ಸಲ ವಿಚಾರಿಸುವ ನಾವು, ಅಜ್ಜಿಯ ತಾಯಿಯ ಹೆಸರನ್ನು ಒಮ್ಮೆಯೂ ಕೇಳುವುದಿಲ್ಲ! ಎತ್ತಿನ ಮೇಲೆ ಬರುತ್ತಿದ್ದ ಹೆಳವರು ಹೊಗಳುತ್ತಿದ್ದುದು ಮುಖ್ಯವಾಗಿ ಗಂಡುಸಂತಾನವನ್ನು; ಹಳೆಯ ಪಹಣಿಗಳಲ್ಲಿಯೂ ಹೆಚ್ಚಾಗಿ ಅವರದೇ ಹೆಸರು. 2005ರ ಉತ್ತರಾಧಿಕಾರ ತಿದ್ದುಪಡಿಯ ತರುವಾಯ ಹೆಣ್ಣುಮಕ್ಕಳು ವಂಶವೃಕ್ಷದಲ್ಲಿ ಕಾಣಿಸಿಕೊಂಡರು, ಎಷ್ಟೋ ಮನೆಗಳಲ್ಲಿ ಹಕ್ಕು ಬಿಡುಗಡೆಯ ಸಹಿಗಾಗಿ ಮಾತ್ರ.

ಡಿಎನ್‌ಎ ಪರೀಕ್ಷೆಯೊಂದೇ ಸಾಕೆಂದು ವಾದಿಸುವ ಶಿಷ್ಯರಿಗೊಂದು ಮಾತು. ತಾಯಿಯಿಂದ ಬರುವ ಮೈಟೋಕಾಂಡ್ರಿಯವು ತಾಯಿಯ ತಾಯಿಯ ಎಳೆಯನ್ನು ತೋರಿಸೀತು. ತಂದೆಯ ತಾಯಿಯದು ತಂದೆಯಲ್ಲಿಯೇ ನಿಂತುಹೋಗುತ್ತದೆ. ಎಂಜಲು ತುಂಬಿದ ನಳಿಗೆಯು ಅಜ್ಜಿಯ ಹೆಸರನ್ನಾಗಲೀ ತವರೂರನ್ನಾಗಲೀ ಹೇಳಲಾರದು. ಹೇಳಬಲ್ಲ ಸೋದರತ್ತೆ, ದೊಡ್ಡಮ್ಮಂದಿರು ಇನ್ನೂ ಜಗಲಿಯಲ್ಲಿ ಕುಳಿತಿದ್ದಾರೆ. ಈ ಹಬ್ಬಕ್ಕೆ ಬಂದಾಗ ಕೇಳಿ, ಬರೆದುಕೊಳ್ಳಿ. ಹೆಳವರು ಇನ್ನೂ ಬರುವ ಮನೆಯವರು ಹೆಣ್ಣುಮಕ್ಕಳ ಹೆಸರನ್ನೂ ಹೇಳಿ ಬರೆಯಿಸಿರಿ.