ಇನ್ನು ಮುಂದೆ ವೈರಿಂಗ್ ಅಡಿಗೆಮನೆಯಿಂದ ಶುರುವಾಗಲಿ

ಗೃಹಿಣಿಯರೇ,

ಮನೆ ಕಟ್ಟಿಸುವಾಗ ಒಲೆ ಯಾವ ಮೂಲೆಗಿರಬೇಕು, ದೇವರ ಮನೆ ಯಾವ ದಿಕ್ಕಿಗಿರಬೇಕು ಅಂತ ಹತ್ತು ಜನ ಹೇಳುತ್ತಾರೆ. ಆದರೆ ಪ್ಲಗ್ ಪಾಯಿಂಟು ಎಲ್ಲೆಲ್ಲಿ ಬೇಕು ಅಂತ ಮನೆಯಾಕೆಯನ್ನು ಕೇಳುವವರು ಎಷ್ಟು ಮಂದಿ? ವೈರಿಂಗ್ ಅಂದರೆ ಗಂಡಸರ ವಿಷಯ ಅಂತ ನಾವೂ ಸುಮ್ಮನಿದ್ದುಬಿಡುತ್ತೇವೆ. ಇನ್ನು ಹಾಗೆ ಸುಮ್ಮನಿದ್ದರೆ ಆಗದು. ಯಾಕೆ ಗೊತ್ತೆ?

ಶಿವನಸಮುದ್ರದ ಕರೆಂಟಿನಿಂದ 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳು ಹತ್ತಿದವು. ಆಮೇಲೆ ಮನೆಗಳಿಗೆ ಕರೆಂಟು ಬಂದದ್ದೂ ಮುಖ್ಯವಾಗಿ ದೀಪಕ್ಕಾಗಿಯೇ. ಅದಕ್ಕೇ ಎಷ್ಟೋ ಹಳೆಯ ಮನೆಗಳಲ್ಲಿ ಅಡಿಗೆಮನೆಗೆ ಒಂದೇ ಒಂದು ಪಾಯಿಂಟು. ಈಗ ಲೆಕ್ಕ ತಲೆಕೆಳಗಾಗಿದೆ. 60 ವ್ಯಾಟಿನ ಬಲ್ಬು ಇದ್ದ ಕಡೆ 9 ವ್ಯಾಟಿನ ಎಲ್‌ಇಡಿ ಸಾಕು. 75 ವ್ಯಾಟಿನ ಫ್ಯಾನಿನ ಜಾಗಕ್ಕೆ ಸುಮಾರು 30 ವ್ಯಾಟಿನದು ಬಂದಿದೆ. ಅತ್ತ ಮಿಕ್ಸಿಗೆ 750 ವ್ಯಾಟು, ಇಂಡಕ್ಷನ್ ಒಲೆಗೆ 2000, ಬಚ್ಚಲಿನ ಗೀಸರಿಗೆ 2000ದಿಂದ 3000! ಕರೆಂಟಿನ ಭಾರವೆಲ್ಲ ನಡುಮನೆ ಬಿಟ್ಟು ನಮ್ಮ ಒದ್ದೆ ಕೈಯ ಹತ್ತಿರಕ್ಕೆ ಬಂದಿದೆ.

ಒಂದು ಸುಲಭದ ಲೆಕ್ಕ ಕಲಿತುಕೊಳ್ಳಿ. ಉಪಕರಣದ ಮೇಲೆ ಬರೆದಿರುವ ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2000 ವ್ಯಾಟಿನ ಒಲೆಗೆ ಸುಮಾರು 9 ಆಂಪಿಯರ್. ಅದನ್ನು ಅಡಾಪ್ಟರ್ ಹಾಕಿ 6 ಆಂಪಿಯರಿನ ಚಿಕ್ಕ ಪಾಯಿಂಟಿಗೆ ಸಿಕ್ಕಿಸಿದರೆ, ಆರು ಜನರ ಪಾತ್ರೆಯಲ್ಲಿ ಒಂಬತ್ತು ಜನರ ಅನ್ನಕ್ಕಿಟ್ಟ ಹಾಗೆ! ಪ್ಲಗ್ಗು ಕಾಯುತ್ತದೆ, ತಂತಿಯ ಹೊದಿಕೆ ಕರಗುತ್ತದೆ, ಬೆಂಕಿ ಹತ್ತಿದರೂ ಹತ್ತೀತು. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟಿಸಬೇಡಿ. ಅದು ನಿಮಗೆ ಎಚ್ಚರಿಕೆ ಹೇಳುತ್ತಿದೆ, ಅದರ ಬಾಯಿ ಮುಚ್ಚಿಸಬಾರದು. 2023ರ ಆಗಸ್ಟಿನಿಂದ ಗೃಹಜ್ಯೋತಿಯಿಂದಾಗಿ ಅನೇಕರ ಬಿಲ್ಲು ಸೊನ್ನೆಯಾಯಿತು, ನಿಜ. ಬಿಲ್ಲು ಸೊನ್ನೆಯಾದರೂ ತಂತಿಯ ಮೇಲಿನ ಭಾರ ಸೊನ್ನೆಯಾಗದು!

ಪ್ಲಗ್ಗಿನಲ್ಲಿ ಒಂದು ಪಿನ್ನು ದಪ್ಪಗೆ, ಉದ್ದಕ್ಕೆ ಇರುತ್ತದಲ್ಲ, ಅದು ಅರ್ತ್. ಮೊದಲು ಒಳಗೆ ಹೋಗಿ ಕೊನೆಗೆ ಹೊರಗೆ ಬರಲಿ ಅಂತಲೇ ಅದನ್ನು ಉದ್ದ ಮಾಡಿರುತ್ತಾರೆ. ಗೀಸರಿನ ಮೈಗೆ ಕರೆಂಟು ಸೋರಿದರೆ ಅದನ್ನು ನೆಲಕ್ಕೆ ಒಯ್ಯುವ ದಾರಿ ಅದು. ಹಳೆಯ ಮನೆಗಳಲ್ಲಿ ಮೂರು ತೂತಿನ ಪಾಯಿಂಟು ಇದ್ದರೂ ಹಿಂದೆ ಅರ್ತ್ ತಂತಿಯೇ ಇಲ್ಲದಿರಬಹುದು. ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆಯೆ? "ಅದು ಮೊದಲಿಂದಲೂ ಹಾಗೇ" ಅಂತ ಬಿಡಬೇಡಿ. ಆ ದಿನವೇ ಮೇನ್ ಆರಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಮೇನ್ ಬೋರ್ಡಿನಲ್ಲಿ ಎರಡು ಕಾವಲುಗಾರರಿರಬೇಕು. ತಂತಿಯನ್ನು ಕಾಯೋದು ಎಂಸಿಬಿ, ಮನುಷ್ಯರನ್ನು ಕಾಯೋದು ಆರ್‌ಸಿಸಿಬಿ. ಹೋದ ಕರೆಂಟು ಅಷ್ಟೂ ವಾಪಸು ಬರದೆ ಸ್ವಲ್ಪ ಸೋರಿದರೂ ಇದು ಕಣ್ಣು ಮಿಟುಕಿಸುವುದರೊಳಗೆ ಕರೆಂಟು ನಿಲ್ಲಿಸುತ್ತದೆ. ಮನೆಗೆ 30 ಮಿಲಿ ಆಂಪಿಯರಿನದೇ ಬೇಕೆಂದು ಕೇಳಿ. ಅದರ ಮೇಲಿನ 'ಟೆಸ್ಟ್' ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಠಪ್ಪನೆ ಬಿದ್ದರೆ ಸರಿಯಿದೆ ಎಂದರ್ಥ.

ಹೊಸದಾಗಿ ವೈರಿಂಗ್ ಮಾಡಿಸುವವರು ಇಷ್ಟನ್ನು ಚೀಟಿಯಲ್ಲಿ ಬರೆದುಕೊಡಿ:

* ಒಲೆಗೆ, ಗೀಸರಿಗೆ ಬೇರೆ ಬೇರೆ ಲೈನು, 16 ಆಂಪಿಯರಿನ ಪಾಯಿಂಟು. ದೀಪಕ್ಕೆ 1.5 ಚದರ ಮಿ.ಮೀ. ತಾಮ್ರದ ತಂತಿ ಸಾಕು, ಇವಕ್ಕೆ 4 ಚದರ ಮಿ.ಮೀ.
* ಅಡಿಗೆ ಕಟ್ಟೆಯ ಪಾಯಿಂಟುಗಳು ನೀರಿನ ನಲ್ಲಿಯಿಂದ ದೂರ, ಒಲೆಯ ನೇರ ಮೇಲೆ ಬೇಡ.
* ವಿದ್ಯುತ್ ಸ್ಕೂಟರ್ ಇಂದಲ್ಲ ನಾಳೆ ಬಂದೀತು. ಜಗಲಿಯಲ್ಲಿ ಮಳೆ ತಾಗದ ಕಡೆ ಅದಕ್ಕೂ ಒಂದು ಪಾಯಿಂಟು.
* ತಾರಸಿಯಿಂದ ಮೀಟರಿನವರೆಗೆ ಒಂದು ಖಾಲಿ ಪೈಪು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮೇಲಿನ ಸೋಲಾರಿಗೆ 78,000 ರೂ.ವರೆಗೆ ಸಹಾಯಧನ ನಿಗದಿಯಾಗಿದೆ. ಮುಂದೆ ಹಾಕಿಸಿದರೆ ಗೋಡೆ ಒಡೆಯುವುದು ತಪ್ಪುತ್ತದೆ.

ಹಳೆಯ ಮನೆಯವರು ಪೂರ್ತಿ ವೈರಿಂಗ್ ಬದಲಿಸುವುದು ಈಗಲೇ ಆಗದಿದ್ದರೆ ಮೊದಲು ಅರ್ತ್, ಆಮೇಲೆ ಆರ್‌ಸಿಸಿಬಿ, ಆಮೇಲೆ ಅಡಿಗೆಮನೆಯ ಲೈನು, ಈ ಕ್ರಮದಲ್ಲಿ ಮಾಡಿಸಿ. ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕುತ್ತಿರಿ, ಒಣ ಮಣ್ಣು ಕರೆಂಟನ್ನು ಸುಲಭವಾಗಿ ಒಯ್ಯದು.

ಗೋಡೆಯೊಳಗೆ ಹೋದ ತಂತಿ ಯಾರ ಕಣ್ಣಿಗೂ ಬೀಳುವುದಿಲ್ಲ, ಖರ್ಚು ಮಾಡಲು ಮನೆಯವರು ಹಿಂದೆಮುಂದೆ ನೋಡುವುದೂ ಅದಕ್ಕೇ. ಆದರೆ ಆ ತಂತಿಯ ತುದಿಯಲ್ಲಿ ದಿನವೂ ನಿಲ್ಲುವವರು ನಾವು. ಹೊಸ ಗೀಸರ್ ತರುತ್ತೇನೆ ಅಂತ ಅವರು ಹೇಳಿದ ದಿನ, "ಮೊದಲು ಅರ್ತ್ ನೋಡಿಸಿ" ಎನ್ನಿ. ಹೇಳಲು ಸಂಕೋಚವೇಕೆ?