ಬೂಟ್ ಆಗದಿದ್ರೆ ಫಾರ್ಮ್ಯಾಟೇ ಗತಿನಾ?

ಲಿನಕ್ಸ್ ಹಾಕಿರೋ ಕಂಪ್ಯೂಟರಿನಲ್ಲಿ ಪಾರ್ಟಿಶನ್ ಅಳಿಸಿ, ಕೂಡಿಸಿ, ಹಿಗ್ಗಿಸಿ ರೀಸ್ಟಾರ್ಟ್ ಮಾಡಿದರೆ ಕೆಲವು ಸಲ ಕಪ್ಪು ಪರದೆ ಮೇಲೆ "ಗ್ರಬ್ ರೆಸ್ಕ್ಯೂ" ಅಂತ ಬಂದು ಎಲ್ಲಾ ನಿಂತುಬಿಡುತ್ತೆ. ಆಗ ಸುತ್ತಲಿನವರು ಹೇಳೋದು ಒಂದೇ ಮಾತು: "ಡಿಸ್ಕ್ ಹೋಯ್ತು ಕಣ್ರೀ, ಫಾರ್ಮ್ಯಾಟ್ ಮಾಡ್ಸಿಬಿಡಿ". ನನಗೆ ಮೈ ಉರಿಯೋದೇ ಈ ಸಲಹೆ ಕೇಳಿದಾಗ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳೋದು ಅಂದ್ರೆ ಇದೇ!

ನಿಜವಾಗಿ ಆಗಿರೋದು ಇಷ್ಟೇ. ಗ್ರಬ್ ಅನ್ನೋದು ಆಪರೇಟಿಂಗ್ ಸಿಸ್ಟಮ್ಮನ್ನು ಎಬ್ಬಿಸೋ ಪುಟ್ಟ ಪ್ರೋಗ್ರಾಂ, ಅಂದ್ರೆ ಬೂಟ್‌ಲೋಡರ್. ಹಳೇ ಎಂಬಿಆರ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ ಸೆಕ್ಟರ್ ೫೧೨ ಬೈಟ್. ಅದರಲ್ಲಿ ಬೂಟ್ ಕೋಡಿಗೆ ೪೪೬, ಪಾರ್ಟಿಶನ್ ಪಟ್ಟಿಗೆ ೬೪, ಕೊನೆಯ ಗುರುತಿಗೆ ೨. ಅಷ್ಟು ಚಿಕ್ಕ ಜಾಗದಲ್ಲಿ ಗ್ರಬ್ ಪೂರ್ತಿ ಹಿಡಿಸಲ್ಲ. ಉಳಿದ ಫೈಲುಗಳು ಲಿನಕ್ಸ್ ಪಾರ್ಟಿಶನ್ನಿನಲ್ಲಿರುತ್ತವೆ. ನಾವು ಪಾರ್ಟಿಶನ್ ಅದಲುಬದಲು ಮಾಡಿದಾಗ ಅದರ ನಂಬರ್ ಬದಲಾಗಬಹುದು. ಗ್ರಬ್ ಪಾಪ ಹಳೇ ವಿಳಾಸಕ್ಕೆ ಹೋಗಿ, ಯಾರೂ ಇಲ್ಲ ಅಂತ ವಾಪಸ್ ಬರುತ್ತೆ. ನಿಮ್ಮ ಫೋಟೋ, ಪತ್ರ, ಬರೆದಿಟ್ಟ ಕಥೆ ಎಲ್ಲಾ ಇದ್ದಲ್ಲೇ ಇರುತ್ತವೆ!

ಕಳೆದ ವರ್ಷ ಗೆಳೆಯನೊಬ್ಬನ ಲ್ಯಾಪ್‌ಟಾಪಿಗೆ ಹೀಗೇ ಆಯ್ತು. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳೆಲ್ಲ ಅದರಲ್ಲೇ, ಬೇರೆಲ್ಲೂ ಕಾಪಿ ಇಲ್ಲ. ರಿಪೇರಿಯವರು ಫಾರ್ಮ್ಯಾಟ್ ಅಂದಿದ್ದರು, ಇವನೂ ತಲೆಯಾಡಿಸಿ ಬಂದಿದ್ದ. ಲಿನಕ್ಸ್ ಲೈವ್ ಪೆನ್ ಡ್ರೈವಿನಿಂದ ಬೂಟ್ ಮಾಡಿದೆವು, ಫೋಟೋಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡೆವು. ಆಮೇಲೆ ಲಿನಕ್ಸ್ ಪಾರ್ಟಿಶನ್ ಮೌಂಟ್ ಮಾಡಿ ಗ್ರಬ್ ಮತ್ತೆ ಇನ್‌ಸ್ಟಾಲ್ ಮಾಡಿದರೆ ಕೆಲಸ ಮುಗೀತು. ಎಂಬಿಆರ್ ಆದರೆ ಒಂದು ಎಚ್ಚರ ಬೇಕು: ಗ್ರಬ್ಬನ್ನು ಹಾಕಬೇಕಾದ್ದು ಇಡೀ ಡಿಸ್ಕಿಗೆ, ಅಂದ್ರೆ 'ಎಸ್‌ಡಿಎ'ಗೆ. 'ಎಸ್‌ಡಿಎ೧' ಅಂತ ಪಾರ್ಟಿಶನ್ನಿಗಲ್ಲ.

ಹೊಸ ಯುಇಎಫ್‌ಐ ಯಂತ್ರಗಳಲ್ಲಿ ಬೂಟ್‌ಲೋಡರ್ ಅನ್ನೋದು ಇಎಫ್‌ಐ ಪಾರ್ಟಿಶನ್ನಿನಲ್ಲಿರೋ ಒಂದು ಫೈಲ್. ಅಲ್ಲಿ ಲಿನಕ್ಸ್ ಅಳಿಸಿಹಾಕಿದ್ದರೂ ಬೂಟ್ ಮೆನುವಿನಲ್ಲಿ ವಿಂಡೋಸ್ ಆರಿಸಿಕೊಂಡರೆ ಸಾಮಾನ್ಯವಾಗಿ ಅದು ಎದ್ದು ಕೂರುತ್ತೆ. ಪೆನ್ ಡ್ರೈವನ್ನೂ ಯುಇಎಫ್‌ಐ ಮೋಡಿನಲ್ಲೇ ಬೂಟ್ ಮಾಡಿ, ಇಲ್ಲಾಂದ್ರೆ ರಿಪೇರಿ ಕೈಕೊಡುತ್ತೆ.

ಈಗ ಯಾಕೆ ಈ ಮಾತು ಅಂದ್ರೆ, ೨೦೨೫ರ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ಮುಗೀತು. ಹಳೇ ಯಂತ್ರ ಎಸೆಯೋಕೆ ಮನಸ್ಸಿಲ್ಲದವರು ಪಕ್ಕದಲ್ಲೇ ಲಿನಕ್ಸ್ ಹಾಕಿ ನೋಡ್ತಾರೆ, ಪಾರ್ಟಿಶನ್ ಮುಟ್ಟೇ ಮುಟ್ತಾರೆ. ಡಿಸ್ಕೇ ಕಟಕಟ ಸದ್ದು ಮಾಡ್ತಿದ್ರೆ ಅದು ಬೇರೆ ಕಾಯಿಲೆ, ಅದನ್ನು ಬಲ್ಲವರಿಗೇ ಕೊಡಿ. ಆದರೆ ಬರೀ ಬೂಟ್ ಆಗ್ತಿಲ್ಲ ಅಂದ್ರೆ ಮೊದಲು ಪೆನ್ ಡ್ರೈವ್, ಆಮೇಲೆ ಕಾಪಿ, ಆಮೇಲೆ ರಿಪೇರಿ. ಫಾರ್ಮ್ಯಾಟ್ ಅನ್ನೋದು ಕಟ್ಟಕಡೆಯ ಮಾತು.

ಮನೆಯವರ ಕಂಪ್ಯೂಟರ್ ಕೆಟ್ಟಾಗ ಎಲ್ಲರೂ ನೋಡೋದು ನಮ್ಮಂಥವರ ಮುಖಾನೇ ತಾನೇ? "ಫಾರ್ಮ್ಯಾಟ್ ಮಾಡಿ" ಅನ್ನೋಕೆ ಮುಂಚೆ ಒಂದರ್ಧ ಗಂಟೆ ಕೂತು ನೋಡೋಣ. ಏನಂತೀರಾ? :)