ಪ್ರಭಾವನೆಯೋ, ಪರಿಗ್ರಹವೋ: ದೀಪಾವಳಿಯ ಪೆಟ್ಟಿಗೆಯ ಲೆಕ್ಕ

2022ರ ಜುಲೈ 1ರಂದು ಈ ದೇಶದಲ್ಲಿ ಎರಡು ಕಟ್ಟಳೆಗಳು ಒಂದೇ ದಿನ ಜಾರಿಗೆ ಬಂದವು. ವ್ಯಾಪಾರದ ನಿಮಿತ್ತ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿದ ಉಡುಗೊರೆ ಅಥವಾ ಸವಲತ್ತು ಕೊಟ್ಟರೆ ಅದರ ಮೌಲ್ಯದ ಮೇಲೆ ಶೇಕಡಾ 10ರಷ್ಟು ಟಿಡಿಎಸ್ ಕಟ್ಟಬೇಕೆಂಬುದು ಮೊದಲನೆಯದು. ಒಮ್ಮೆ ಬಳಸಿ ಬಿಸುಡುವ ಕೆಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧ ಎರಡನೆಯದು. ಅಲಂಕಾರದ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಸಿಹಿತಿಂಡಿಯ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳು ಹಾಳೆ, ಇವೆಲ್ಲ ಆ ಪಟ್ಟಿಯಲ್ಲಿವೆ. ಮೊದಲನೆಯದರ ಕುರಿತು ನನ್ನ ಕಚೇರಿಯ ಫೋನು ಎರಡು ತಿಂಗಳು ಬಿಡುವಿಲ್ಲದೆ ಬಾರಿಸಿತು. ಬೆಳ್ಳಿಯ ನಾಣ್ಯವನ್ನು ಯಾವ ಬೆಲೆಗೆ ಹಿಡಿಯಬೇಕು, ಗಿಫ್ಟ್ ಬಾಕ್ಸನ್ನು ಎರಡು ಬಿಲ್ಲುಗಳಲ್ಲಿ ಒಡೆದರೆ ನಡೆಯುವುದೇ ಎಂಬ ಪ್ರಶ್ನೆಗಳು. ಎರಡನೆಯದರ ಕುರಿತು ಇಂದಿನವರೆಗೆ ಒಬ್ಬ ಕಕ್ಷಿದಾರನೂ ನನ್ನನ್ನು ಕೇಳಿಲ್ಲ. ನನ್ನ ಕಕ್ಷಿದಾರರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಜೈನರು. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದವರು ಅವರಲ್ಲಿ ಹಲವರಿದ್ದಾರೆ.

ವ್ಯಾಪಾರಿಗಳ ಮಾತು ಹಾಗಿರಲಿ. ಮುಂಬಯಿ ಉಪನಗರದ ನಮ್ಮದೊಂದು ಸಣ್ಣ ಸಮಾಜದ ಲೆಕ್ಕವನ್ನು ನಾನು ಕೆಲವು ವರ್ಷಗಳಿಂದ ಗೌರವ ಸೇವೆಯಾಗಿ ತಪಾಸಣೆ ಮಾಡುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ, ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಓದುಗರು ತಮ್ಮ ಸಮಾಜದ ಹೆಸರನ್ನೇ ಇಲ್ಲಿ ತುಂಬಿಕೊಳ್ಳಬಹುದು. ಅಲ್ಲಿ ಪ್ರತಿ ದೀಪಾವಳಿಗೆ ಸದಸ್ಯರ ಮನೆಮನೆಗೆ ಗಿಫ್ಟ್ ಬಾಕ್ಸ್ ಹೋಗುತ್ತದೆ. ಅದರ ಖರ್ಚು ಬರೆದಿರುವ ಬಾಬತ್ತಿನ ಹೆಸರು ‘ಧರ್ಮಪ್ರಭಾವನೆ’. ಎರಡು ವರ್ಷಗಳ ಹಿಂದೆ ಆ ಪುಟದ ಬದಿಯಲ್ಲಿ ನಾನು ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಈ ಲೇಖನ ಆ ಚಿಹ್ನೆಯ ವಿವರಣೆ.

ಚಿಹ್ನೆ ಹಾಕುವುದಕ್ಕೆ ಕಾರಣ ಅದೇ ವರ್ಷದ ನಡವಳಿ ಪುಸ್ತಕ. ಅಂಗಡಿಯೊಂದರಲ್ಲಿ ದುಡಿಯುವ ಸಾಧರ್ಮಿಯೊಬ್ಬರು ತಮ್ಮ ಮಗಳ ಕಾಲೇಜು ವಸತಿನಿಲಯದ ಶುಲ್ಕಕ್ಕೆ ನೆರವು ಕೋರಿ ಅರ್ಜಿ ಕೊಟ್ಟಿದ್ದರು. ‘ಪ್ರಸ್ತುತ ನಿಧಿಯ ಕೊರತೆಯಿಂದ ಪರಿಗಣಿಸಲಾಗಲಿಲ್ಲ’ ಎಂದು ಅದರ ಮೇಲೆ ಬರೆದಿದೆ. ಅದೇ ಪುಟದಲ್ಲಿ, ಮುಂದಿನ ಕಲಮಿನಲ್ಲಿ, ಗಿಫ್ಟ್ ಬಾಕ್ಸಿನ ಕೊಟೇಶನ್ ಸರ್ವಾನುಮತದಿಂದ ಮಂಜೂರಾಗಿದೆ. ಪೆಟ್ಟಿಗೆಗೆ 600 ರೂಪಾಯಿ, ಮನೆಗಳು 400 ಎಂದಿಟ್ಟುಕೊಳ್ಳಿ. 2,40,000 ರೂಪಾಯಿ ಆಗುತ್ತದೆ. ಈ ಗುಣಾಕಾರಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಬೇಕಿಲ್ಲ.

ಪ್ರಭಾವನೆ ಎಂಬುದು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಕೊನೆಯದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಅಜ್ಞಾನದ ಕತ್ತಲೆಯನ್ನು ಕಳೆದು ಜಿನಶಾಸನದ ಮಹಿಮೆಯನ್ನು ತೋರುವ ಕಾರ್ಯವೆಂದು ವಿವರಿಸಿದ್ದಾರೆ. ಈಗ ಆ ಪೆಟ್ಟಿಗೆಯನ್ನು ಬಿಚ್ಚೋಣ. ಹೊರಗೆ ನಿಷೇಧಿತ ಪ್ಲಾಸ್ಟಿಕ್ ಹಾಳೆ. ಅದರೊಳಗೆ ಹೊಳೆಯುವ ಬಟ್ಟೆ ಅಂಟಿಸಿದ ರಟ್ಟು. ರಟ್ಟಿನೊಳಗೆ ಆರು ಗುಳಿಗಳಿರುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ತಟ್ಟೆ. ಗುಳಿ ಮೇಲೆ ಅಗಲವಾಗಿ, ಕೆಳಗೆ ಬರಬರುತ್ತ ಕಿರಿದಾಗಿ, ಹಿಡಿ ಬಾದಾಮಿಯನ್ನು ರಾಶಿಯಂತೆ ತೋರಿಸುವ ಯುಕ್ತಿ. ಮುಚ್ಚಳದ ಮೇಲೆ ಭಗವಾನ್ ಮಹಾವೀರರ ಚಿತ್ರ, ಅದರ ಕೆಳಗೆ ಪ್ರಾಯೋಜಕರ ಅಂಗಡಿಯ ಹೆಸರು. ಬಾದಾಮಿ ನಾಲ್ಕು ದಿನದಲ್ಲಿ ಮುಗಿಯುತ್ತದೆ. ಜಿನಬಿಂಬವಿರುವ ಮುಚ್ಚಳವನ್ನು ಕಸಕ್ಕೆ ಹಾಕುವ ಧೈರ್ಯ ಯಾವ ಶ್ರಾವಿಕೆಗೂ ಇಲ್ಲ. ಆದ್ದರಿಂದ ಅದು ಅಟ್ಟ ಸೇರುತ್ತದೆ, ಅಟ್ಟ ತುಂಬಿದ ಮೇಲೆ ಬಸದಿಯ ಹಿಂಬದಿಯ ಗೋಡೆಗೆ ಒರಗಿ ಮಳೆಯಲ್ಲಿ ನೆನೆಯುತ್ತದೆ. ಮದುವೆಯ ಕರೆಯೋಲೆಗಳ ಗತಿಯೂ ಅದೇ. ಬಿಸುಡಲೇಬೇಕಾದ ವಸ್ತುವಿನ ಮೇಲೆ ತೀರ್ಥಂಕರರನ್ನು ಅಚ್ಚು ಹಾಕುವ ಈ ದುರಭ್ಯಾಸವನ್ನು ಯಾರು ಆರಂಭಿಸಿದರೋ. ನಿಲ್ಲಿಸುವ ಕೆಲಸವಂತೂ ನಮ್ಮ ಪಾಲಿಗೆ ಬಂದಿದೆ.

ಕೆಲವು ಸಮಾಜಗಳ ಪೆಟ್ಟಿಗೆಯಲ್ಲಿ ಅಪ್ಪಟ ರೇಷ್ಮೆಯ ವಸ್ತ್ರವೂ ಇರುತ್ತದೆ. ಎಳೆ ತುಂಡಾಗದಂತೆ ಬಿಚ್ಚುವುದಕ್ಕೆ ಗೂಡನ್ನು ಒಳಗಿನ ಹುಳುವಿನ ಸಮೇತ ಬೇಯಿಸುತ್ತಾರೆಂಬುದು ರೇಷ್ಮೆಯ ನಾಡಿನಿಂದ ಬಂದ ನಮಗೆ ಹೊಸ ಸಂಗತಿಯಲ್ಲ. ಸಿಹಿಯ ಮೇಲಿನ ಬೆಳ್ಳಿಯ ವರಖನ್ನು ಪ್ರಾಣಿಯ ಚರ್ಮದ ಪದರಗಳ ನಡುವೆ ಇಟ್ಟು ಬಡಿಯುತ್ತಾರೆಂದು ತಿಳಿದಾಗ ನಮ್ಮವರು ದನಿಯೆತ್ತಿದರು, ವರಖಿಲ್ಲದ ಸಿಹಿಯನ್ನು ಕೇಳಿ ಪಡೆದರು. ಸಿಹಿಯ ಮೇಲಿನದಕ್ಕೆ ಇದ್ದ ಎಚ್ಚರ ಸಿಹಿಯ ಹೊರಗಿನದಕ್ಕೆ ಏಕಿಲ್ಲ?

2022ರ ಡಿಸೆಂಬರಿನಿಂದ 2023ರ ಜನವರಿಯವರೆಗೆ ಸಮ್ಮೇದ ಶಿಖರ್ಜಿಗಾಗಿ ನಾವು ಬೀದಿಗಿಳಿದೆವು. ಮುಂಬಯಿಯಲ್ಲಿ, ದೆಹಲಿಯಲ್ಲಿ, ಎಷ್ಟೋ ಊರುಗಳಲ್ಲಿ ಬಿಳಿ ವಸ್ತ್ರದ ಮೆರವಣಿಗೆಗಳು ನಡೆದವು. ಪ್ರವಾಸೋದ್ಯಮ ಬಂದರೆ ಬೆಟ್ಟ ಹೊಲಸಾಗುತ್ತದೆ ಎಂಬುದು ನಮ್ಮ ವಾದಗಳಲ್ಲಿ ಒಂದಾಗಿತ್ತು. ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ನಾನೂ ನಡೆದಿದ್ದೆ, ಅದಕ್ಕಾಗಿ ಹೆಮ್ಮೆಯಿದೆ. ಆದರೆ ಅನ್ಯರು ತರಬಹುದಾದ ಹೊಲಸಿನ ವಿರುದ್ಧ ಸರ್ಕಾರವನ್ನು ಮಣಿಸಿದ ಸಮಾಜ, ತಾನೇ ತರುವ ಹೊಲಸಿನ ವಿಷಯದಲ್ಲಿ ಮೂಕವಾಗಿದೆ. ಮಹಾರಾಷ್ಟ್ರದಲ್ಲಿ ಅಲಂಕಾರದ ಥರ್ಮಾಕೋಲ್ 2018ರಿಂದಲೇ ನಿಷಿದ್ಧ. ಆದರೂ ನಿರ್ವಾಣೋತ್ಸವದ ವೇದಿಕೆಯ ಮೇಲೆ ಥರ್ಮಾಕೋಲಿನ ಪಾವಾಪುರಿಯ ಜಲಮಂದಿರವನ್ನು ಕಟ್ಟಿ, ಮರುದಿನ ಅದನ್ನು ಮುರಿದು ಗೋಣಿಯಲ್ಲಿ ತುಂಬಿ ಪೌರಕಾರ್ಮಿಕನ ಕೈಗಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸರ್ವಸ್ವವನ್ನೂ ತೊರೆದವರ ಮುಕ್ತಿಯ ದಿನವನ್ನು ಈ ರೀತಿ ಆಚರಿಸುವವರು ಬೇರೆ ಯಾರಾದರೂ ಆಗಿದ್ದರೆ ನಾವು ಅದನ್ನು ಅಪಮಾನವೆಂದು ದೂರು ಕೊಡುತ್ತಿದ್ದೆವು.

ದಾನಕ್ಕೂ ಗಿಫ್ಟ್ ಬಾಕ್ಸಿಗೂ ನಮ್ಮ ಪರಂಪರೆಯಲ್ಲಿ ಯಾವ ಸಂಬಂಧವೂ ಇಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ, ಇವು ನಾಲ್ಕು ದಾನಗಳು. ಕನ್ನಡ ಜೈನರಲ್ಲಿ ದಾನಚಿಂತಾಮಣಿ ಎಂಬ ಬಿರುದು ಪಡೆದ ಅತ್ತಿಮಬ್ಬೆ ಹಂಚಿದ್ದು ಏನನ್ನು? ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು. ಅಚ್ಚಿನ ಯಂತ್ರವಿಲ್ಲದ ಹತ್ತನೆಯ ಶತಮಾನದಲ್ಲಿ ಒಂದೊಂದು ಪ್ರತಿಯೂ ಕೈಬರಹ. ಒಂದೊಂದು ಗರಿಯನ್ನೂ ಹದಗೊಳಿಸಿ, ಕಂಟದಿಂದ ಕೊರೆದು, ಮಸಿ ಸವರಿ, ದಾರಕ್ಕೆ ಪೋಣಿಸಬೇಕು. ನಿಜ, ಆಕೆ ತಾನೇ ಕುಳಿತು ಬರೆಯಲಿಲ್ಲ, ಲಿಪಿಕಾರರಿಂದ ಬರೆಯಿಸಿದಳು. ಆದರೆ ಆಕೆಯ ಹಣ ಮನುಷ್ಯರ ಕೈಗಳಿಗೆ ಹೋಯಿತು, ಪಡೆದವರ ಮನೆಯಲ್ಲಿ ಉಳಿದದ್ದು ಒಂದು ಪುರಾಣ. ನಮ್ಮ ಹಣ ಪ್ಲಾಸ್ಟಿಕ್ ತಟ್ಟೆಯ ಅಚ್ಚಿಗೆ ಹೋಗುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ನನ್ನದು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ. ನಮ್ಮ ಕಡೆ ಕೂಸು ಹುಟ್ಟಿದರೆ ಕೌದಿ ಕೊಡುತ್ತಿದ್ದರು. ನೂರು ಸಲ ಒಗೆದು ಮೆತ್ತಗಾದ ಆಯಿಯ ಸೀರೆ ಒಳಪದರಕ್ಕೆ; ಮೇಲ್ಪದರಕ್ಕೆ ಹರಿದ ಇಳಕಲ್ ಸೆರಗು, ಗುಳೇದಗುಡ್ಡದ ಖಣದ ತುಂಡು, ಅಪ್ಪನ ಅಂಗಿಯ ಬೆನ್ನು. ಓಣಿಯ ಹೆಂಗಸರು ಮಧ್ಯಾಹ್ನ ಪಡಸಾಲೆಯಲ್ಲಿ ಸುತ್ತ ಕುಳಿತು ನಾಲ್ಕೂ ಅಂಚಿನಿಂದ ಒಳಮುಖವಾಗಿ ಹೊಲಿಗೆ ಹಾಕುತ್ತಿದ್ದರು. ನನ್ನ ಅವ್ವ ಹೊಲಿದ ಕೌದಿಯೊಂದು ಈಗಲೂ ನನ್ನ ಮುಂಬಯಿಯ ಮನೆಯಲ್ಲಿದೆ. ಅದರ ಪುಸ್ತಕಮೌಲ್ಯ ಶೂನ್ಯ. ನಮ್ಮ ಮದುವೆಗೆ ಬಂದ ಕಾಣಿಕೆಗಳಲ್ಲಿ ಉಳಿದಿರುವುದು ಅದೊಂದೇ. ಗಾಜಿನ ಲೆಮನ್ ಸೆಟ್ಟುಗಳು ಯಾರ ಮನೆಯಿಂದ ಯಾರ ಮನೆಗೆ ಸುತ್ತುತ್ತಿವೆಯೋ ನಾನರಿಯೆ. ಬಸದಿಯಲ್ಲಿಯೂ ಇದೇ ನಡೆ ಇತ್ತು. ಶ್ರುತಪಂಚಮಿಯಂದು ಗ್ರಂಥಗಳ ಧೂಳು ಕೊಡವಿ ಹೊಸ ವೇಷ್ಟನ ಸುತ್ತುವಾಗ, ಆ ಬಟ್ಟೆಗಳನ್ನು ಮನೆಯ ಹೆಂಗಸರೇ ಅಂಚು ಹೊಲಿದು ತರುತ್ತಿದ್ದರು. ಯಾರು ತಂದದ್ದು ದೊಡ್ಡದು, ಯಾರದು ಸಣ್ಣದು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ, ಎಲ್ಲ ವೇಷ್ಟನಗಳೂ ಒಂದೇ ಅಳತೆ.

ಈ ಕೊನೆಯ ಮಾತು ಮುಖ್ಯ. ಏಕೆಂದರೆ ಇಂದಿನ ಪೆಟ್ಟಿಗೆ ಒಂದೇ ಅಳತೆಯದಲ್ಲ. ವಿಶೇಷ ದಾನಿಗಳಿಗೆ ಬೆಳ್ಳಿಯ ನಾಣ್ಯವಿರುವ ದೊಡ್ಡದು, ಆಜೀವ ಸದಸ್ಯರಿಗೆ ಮಧ್ಯಮ, ಸಾಮಾನ್ಯರಿಗೆ ಸಣ್ಣದು, ಪುರೋಹಿತರಿಗೂ ಕಾವಲುಗಾರನಿಗೂ ಉಳಿದದ್ದು. ಉಮಾಸ್ವಾಮಿಗಳು ಪರಿಗ್ರಹವನ್ನು ಅಳೆದದ್ದು ವಸ್ತುಗಳ ಎಣಿಕೆಯಿಂದಲ್ಲ, ಅವುಗಳ ಮೇಲಿನ ಮೂರ್ಛೆಯಿಂದ. ಕೊಡುವಾಗಲೂ ಮೂರ್ಛೆ ಬಿಡದಂತೆ ಏರ್ಪಾಡು ಮಾಡಿರುವುದು ನಮ್ಮ ಕಾರ್ಯಕಾರಿ ಸಮಿತಿಗಳ ಸಾಧನೆ.

ಹಾಗಾದರೆ ಕೈಯಿಂದ ಮಾಡೋಣ ಎಂದೊಡನೆ ಪಾಠಶಾಲೆಯವರು ‘ಬೆಸ್ಟ್ ಔಟ್ ಆಫ್ ವೇಸ್ಟ್’ ಸ್ಪರ್ಧೆಯನ್ನು ತೋರಿಸುತ್ತಾರೆ. ಆ ಸ್ಪರ್ಧೆಗೆ ತೀರ್ಪುಗಾರನಾಗಿ ನಾನೊಮ್ಮೆ ಹೋಗಿದ್ದೆ. ಮೊದಲ ಬಹುಮಾನ ಪಡೆದ ತೂಗುದೀಪದ ಐಸ್‌ಕ್ರೀಂ ಕಡ್ಡಿಗಳು ಪೊಟ್ಟಣ ಒಡೆದ ಹೊಸ ಕಡ್ಡಿಗಳು, ಮಿನುಗುಪುಡಿ ಹೊಸದು, ಅಂಟು ಹೊಸದು. ತ್ಯಾಜ್ಯ ಆರಂಭವಾದದ್ದು ಸ್ಪರ್ಧೆ ಮುಗಿದ ಮೇಲೆ. ದೀಪ ಮಾಡಿದವರು ಮಗುವಿನ ತಾಯಿಯೆಂಬುದು ಸಭೆಗೆಲ್ಲ ಗೊತ್ತಿತ್ತು. ಮೂರನೆಯ ಬಹುಮಾನವನ್ನೂ ಪಡೆಯದ ಒಬ್ಬ ಹುಡುಗ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಡಿಸಿ ಲಕೋಟೆಗಳನ್ನು ಮಾಡಿ ತಂದಿದ್ದ. ಅವನಿಗೆ ಅಂಕ ಕಡಿಮೆ ಕೊಟ್ಟವರಲ್ಲಿ ನಾನೂ ಒಬ್ಬ.

ಆಕ್ಷೇಪಗಳನ್ನು ನಾನು ಕೇಳಿಯಾಗಿದೆ. ನಗರದಲ್ಲಿ ಸಮಯವಿಲ್ಲ ಎನ್ನುತ್ತಾರೆ. ಕೊಟೇಶನ್ ತರಿಸಲು ಮೂರು ಸಭೆಗಳಿಗೆ ಸಮಯವಿತ್ತು. ಕೊಳ್ಳದಿದ್ದರೆ ಬಡವರ ಕಸುಬು ಹೋಗುತ್ತದೆ ಎಂಬುದರಲ್ಲಿ ಸ್ವಲ್ಪ ಸತ್ಯವಿದೆ. ಆದ್ದರಿಂದ ಮಾಹಿಮಿನ ಬೀದಿಯಲ್ಲಿ ಬಿದಿರು ಕಾಗದಗಳ ಆಕಾಶಬುಟ್ಟಿ ಕಟ್ಟಿ ಮಾರುವವರಿಂದ ಕೊಂಡರೆ ನನ್ನ ತಕರಾರಿಲ್ಲ. ನಿಜವಾದ ಆಕ್ಷೇಪ ಎತ್ತಿದವಳು ನನ್ನ ಹೆಂಡತಿ. “ಭಾಷಣ ನಿಮ್ಮದು, ಸೂಜಿ ನನ್ನದು ಆಗುವುದಾದರೆ ಈ ಸುಧಾರಣೆ ನನಗೆ ಬೇಡ” ಎಂದಳು. ಕೌದಿಯನ್ನು ಹೊಗಳುವ ಗಂಡಸರಲ್ಲಿ ಕೌದಿ ಹೊಲಿದವರು ಯಾರೂ ಇಲ್ಲ. ಇದಕ್ಕೆ ಉತ್ತರವಾಗಿ ಹೇಳುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ, ಮಾಡುವುದಷ್ಟೇ ಉಳಿದಿತ್ತು.

ಕಳೆದ ವರ್ಷ ಶರತ್ತಿನ ನಾಲ್ಕು ಭಾನುವಾರ ಬಸದಿಯ ಸಭಾಭವನದಲ್ಲಿ ನಾವು ಕೆಲವು ಗಂಡಸರು ಮಕ್ಕಳೊಡನೆ ಕುಳಿತೆವು. ಕಟ್ಟಡಗಳಿಂದ ಎಸೆದ ಬಿದಿರಿನ ಪರದೆಗಳನ್ನು ಬಿಚ್ಚಿದರೆ ಸೀಳುಗಳು ಬೇಕಾದಷ್ಟು ಸಿಗುತ್ತವೆ. ಕರಾವಳಿಯ ಸಾಧರ್ಮಿಯೊಬ್ಬರು ಗೂಡುದೀಪದ ಚೌಕಟ್ಟನ್ನು ತೋರಿಸಿಕೊಟ್ಟರು: ಮೊದಲು ಸಮನಾದ ಚೌಕಗಳು, ಅವುಗಳ ಮೂಲೆಗಳನ್ನು ದಾರದಿಂದ ಬಿಗಿಯುವುದು, ಆಮೇಲೆ ಗಾಳಿಪಟದ ಕಾಗದ. ಬಾಲಕ್ಕೆ ಹಳೆಯ ಕರೆಯೋಲೆಗಳ ಖಾಲಿ ಬದಿ. ಅಂಟಿಗೆ ಮೈದಾವನ್ನು ಆಯಾ ದಿನವೇ ಕುದಿಸಿದೆವು. ಉಳಿದದ್ದನ್ನು ರಾತ್ರಿಗೆ ಇಡುವಂತಿಲ್ಲ, ಹುಳಿಬಂದ ಹಿಟ್ಟಿನಲ್ಲಿ ಜೀವೋತ್ಪತ್ತಿಯಾಗುತ್ತದೆ. ಇದನ್ನು ನೆನಪಿಸಿದ್ದು ಎಂಟು ವರ್ಷದ ಹುಡುಗಿ. ಕಾಗದದ ಗೋಡೆಯೊಳಗಿನ ದೀಪಕ್ಕೆ ಪತಂಗ ಬಂದು ಬೀಳುವುದಿಲ್ಲವೆಂಬುದೂ ಅಲ್ಲಿಯೇ ನನಗೆ ಹೊಳೆಯಿತು. 31 ಗೂಡುದೀಪಗಳಲ್ಲಿ 12 ನೇರವಾಗಿ ನಿಂತವು. ನಾನು ಕಟ್ಟಿದ್ದು ಆ ಹನ್ನೆರಡರಲ್ಲಿ ಇರಲಿಲ್ಲ. ಪುರೋಹಿತರು ಅದನ್ನೇ ಆಯ್ದು ತಮ್ಮ ಬಾಗಿಲಿಗೆ ತೂಗುಹಾಕಿಕೊಂಡರು, ಕಾರಣ ನಾನು ಕೇಳಲಿಲ್ಲ.

ಅದು ಕೆಲವರ ಆಟವಾಗಿ ಮುಗಿಯಿತು. ಪೆಟ್ಟಿಗೆಗಳು ಎಂದಿನಂತೆ ಮನೆಮನೆಗೆ ಹೋದವು. ಪಟಾಕಿ ತ್ಯಾಗದ ಪ್ರತಿಜ್ಞೆಯನ್ನು ಮಕ್ಕಳಿಂದ ಮಾಡಿಸುವ ಹಿರಿಯರು ಪೆಟ್ಟಿಗೆ ತ್ಯಾಗದ ಪ್ರತಿಜ್ಞೆಯನ್ನು ತಾವು ಮಾಡಲಾರದೆ ಹೋದರು. ಆದ್ದರಿಂದ ಈ ಸಲ ಮಾತು ಬಿಟ್ಟು ಠರಾವಿನ ಹಾದಿ ಹಿಡಿದಿದ್ದೇನೆ. ಬರುವ ವಾರ್ಷಿಕ ಮಹಾಸಭೆಗೆ ನಾನು ಕಳುಹಿಸಿರುವ ಠರಾವಿನಲ್ಲಿ ಇಷ್ಟಿದೆ: ದೀಪಾವಳಿಯ ಗಿಫ್ಟ್ ಬಾಕ್ಸ್ ಕೊಳ್ಳುವುದನ್ನು ಈ ವರ್ಷದಿಂದ ನಿಲ್ಲಿಸತಕ್ಕದ್ದು. ನಿರ್ವಾಣ ಲಾಡುವಿನ ಪ್ರಸಾದವನ್ನು, ಸದಸ್ಯರು ಹಳೆಯ ಹತ್ತಿ ಬಟ್ಟೆಯಿಂದ ಹೊಲಿದ ಒಂದೇ ಅಳತೆಯ ಚೀಲದಲ್ಲಿ, ದಾನಿಯೆಂದೂ ಕಾವಲುಗಾರನೆಂದೂ ಭೇದವಿಲ್ಲದೆ ಕೊಡತಕ್ಕದ್ದು. ಕಾರ್ಯಕಾರಿ ಸಮಿತಿಯ ಪ್ರತಿ ಸದಸ್ಯನೂ ಕನಿಷ್ಠ 10 ಚೀಲಗಳನ್ನು ಸ್ವಹಸ್ತದಿಂದ ಹೊಲಿಯತಕ್ಕದ್ದು. ವೇದಿಕೆಯಲ್ಲಿ ಥರ್ಮಾಕೋಲ್ ಕೂಡದು. ಉಳಿದ ಹಣವನ್ನು ‘ಶಾಸ್ತ್ರದಾನ’ ಎಂಬ ಬಾಬತ್ತಿಗೆ ವರ್ಗಾಯಿಸಿ, ನಿಧಿಯ ಕೊರತೆಯೆಂದು ಹಿಂದಿರುಗಿಸಿದ ಅರ್ಜಿಯನ್ನು ಮೊದಲನೆಯದಾಗಿ ಪರಿಗಣಿಸತಕ್ಕದ್ದು.

ಸೂಚಕನ ಸಹಿ ಬಿದ್ದಿದೆ. ಅನುಮೋದಕರ ಜಾಗ ಖಾಲಿಯಿದೆ.